ತಿರುವಿ ಹಾಕಿದ ಕಾಲರ್

ಮೂವತ್ತೊಂದು ವರ್ಷದಿಂದ ಬಟ್ಟೆ ಹೊಲಿತಿದ್ದೀನಿ. ಅದರಲ್ಲಿ ಹತ್ತೊಂಬತ್ತು ವರ್ಷ ಬರೀ ಸ್ಕೂಲ್ ಯೂನಿಫಾರ್ಮು. ನಮ್ಮ ಕಡೆ ಎರಡು ಸ್ಕೂಲಿದೆ. ಒಂದು ನಮ್ಮ ಬೀದಿ ಕೊನೇಲಿ, ಬಸ್ ಡಿಪೋ ಹಿಂದೆ. ಇನ್ನೊಂದು ಬಸ್ಸಲ್ಲಿ ನಾಲ್ಕು ಸ್ಟಾಪ್ ದೂರ, ದೊಡ್ಡ ಕಬ್ಬಿಣದ ಗೇಟ್ ಇರೋದು. ಎರಡಕ್ಕೂ ಹೊಲಿಯೋಳು ನಾನೇ, ಹರಿದು ಬಂದ್ರೆ ರಿಪೇರಿ ಮಾಡೋಳೂ ನಾನೇ. ಹಾಗಾಗಿ ಯಾವ ಸ್ಕೂಲ್ ಹೇಗೆ ಅಂತ ನನ್ನನ್ನ ಕೇಳಬೇಕು, ಮಿಕ್ಕವರಿಗೇನು ಗೊತ್ತು ಅನ್ನೋ ಜಂಬ ನನಗಿತ್ತು. ಜಂಬ ಅಂತ ಈಗ ಹೇಳ್ತಿದ್ದೀನಿ. ಆಗ ಅದಕ್ಕೆ ಅನುಭವ ಅಂತಿದ್ದೆ.

ಡಿಪೋ ಸ್ಕೂಲಿಂದ ಬರೋ ಬಟ್ಟೆ ನೀವು ನೋಡಬೇಕು. ಮಂಡಿ ಹರಿದಿರುತ್ತೆ, ಜೇಬು ಕಿತ್ತು ನೇತಾಡ್ತಿರುತ್ತೆ, ಗುಂಡಿಗಳು ಎಲ್ಲಿ ಹೋದ್ವೋ ಆ ದೇವರಿಗೇ ಗೊತ್ತು. ಒಂದ್ಸಲ ಒಂದು ಚಡ್ಡಿ ಜೇಬಲ್ಲಿ ಬೆಂಕಿಪೆಟ್ಟಿಗೆ ಸಿಕ್ತು, ತೆಗೆದ್ರೆ ಒಳಗೆ ಜೀವಂತ ಜೀರುಂಡೆ! ಕಾಜದವಳು ಕಿರುಚಿಕೊಂಡು ಸ್ಟೂಲ್ ಮೇಲೆ ಹತ್ತಿ ನಿಂತಿದ್ಲು. ಕಾಜದವಳು ಅಂದ್ರೆ ನನ್ನ ಅಂಗಡೀಲಿ ಅಂಗಿಗಳಿಗೆ ಕಾಜ ಹಾಕಿ ಗುಂಡಿ ಕೂರಿಸೋ ಹೆಂಗಸು. ಹದಿನಾಲ್ಕು ವರ್ಷದಿಂದ ನನ್ನ ಎದುರಿಗೇ ಕೂತಿದಾಳೆ, ಅಷ್ಟೂ ವರ್ಷದಿಂದ ಬಾಯಿ ಮುಚ್ಚಿಲ್ಲ.

ಗೇಟ್ ಸ್ಕೂಲಿನ ಬಟ್ಟೆ ಹಾಗಲ್ಲ. ಮಂಡಿ ಹೊಸದರ ಹಾಗೇ ಇರುತ್ತೆ. ಜೇಬಲ್ಲಿ ಒಂದು ಕರ್ಚೀಫು ಬಿಟ್ರೆ ಬೇರೇನೂ ಇರಲ್ಲ. ಅಲ್ಲಿಂದ ಬರ್ತಿದ್ದದ್ದು ಒಂದೇ ರಿಪೇರಿ, ಕಾಲರ್. ತುದಿ ಸವೆದು ನೂಲು ಎದ್ದಿರೋದು. ಅದಕ್ಕೆ ಹೊಸ ಬಟ್ಟೆ ಏನೂ ಬೇಕಿಲ್ಲ. ಕತ್ತಿನ ಹತ್ರ ಹೊಲಿಗೆ ಬಿಚ್ಚಿ, ಕಾಲರನ್ನ ತೆಗೆದು, ತುದಿ ಒಂಚೂರು ಒಳಗೆ ಮಡಿಸಿ, ಸವೆದ ಮುಖ ಕೆಳಗೆ ಹೋಗೋ ಹಾಗೆ ತಿರುವಿ ಮತ್ತೆ ಹೊಲಿದ್ರೆ ಆಯ್ತು, ಅಂಗಿ ಹೊಸದು. ಈ ಕೆಲಸದಲ್ಲಿ ನನ್ನ ಕೈ ಪಳಗಿದೆ. ತಿರುವಿ ಹಾಕಿದ್ದು ಅಂತ ಹೆತ್ತ ತಾಯಿಗೂ ಗೊತ್ತಾಗಲ್ಲ.

ನನ್ನ ಮಗಳು ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಜ್ವರ ಅಂತ ಆಸ್ಪತ್ರೆಗೆ ಹೋದೋಳು, ಆರನೇ ದಿನಕ್ಕೆ ಇಲ್ಲ. ಅದರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳೋಕೆ ನನ್ನ ಕೈಲಾಗಲ್ಲ. ಅವಳ ಮಗಳು ನನ್ನ ಹತ್ರಾನೇ ಉಳ್ಕೊಂಡ್ಲು. ಐದೂವರೆ ವರ್ಷ. ನಿಂತ ಕಡೆ ನಿಲ್ಲೋಳಲ್ಲ, ಮಿಷಿನ್ ಸುತ್ತ, ಕತ್ತರಿಸೋ ಮೇಜಿನ ಕೆಳಗೆ, ಗಿರಗಿರ ಗಿರಗಿರ. ಅದಕ್ಕೇ ಕಾಜದವಳು ಅವಳಿಗೆ, ಮಿಷಿನ್ ಒಳಗೆ ನೂಲು ಸುತ್ಕೊಂಡು ತಿರುಗೋ ಉರುಳೆ ಹಾಗೆ ಅಂತ, ಬಾಬಿನ್ ಅಂತ ಹೆಸರಿಟ್ಟಿದ್ಲು. ತಾಯಿ ಹೋದ ಮೇಲೂ ಅವಳು ಸುತ್ತೋದು ನಿಂತಿರಲಿಲ್ಲ. ಅತ್ತುಕೊಂಡೇ ಸುತ್ತೋಳು.

ನನ್ನ ಅಳಿಯ ಲಾರಿ ಓಡಿಸ್ತಾರೆ. ಹೋದ್ರೆ ಹತ್ತು ಹನ್ನೆರಡು ದಿನ ಬರಲ್ಲ. ಮಾತು ಕಮ್ಮಿ, ಮನುಷ್ಯ ಚಿನ್ನ. ಸ್ಕೂಲಿಗೆ ಸೇರಿಸೋ ಮಾತು ಬಂದಾಗ ಅವರು ಹೇಳಿದ್ದು ಇಷ್ಟೇ.

"ಅತ್ತೆ, ಡಿಪೋ ಸ್ಕೂಲಿಗೇ ಹಾಕೋಣ. ನಡ್ಕೊಂಡು ಹೋಗಬಹುದು. ಅವಳಮ್ಮನೂ ಅಲ್ಲೇ ಅಲ್ವಾ ಓದಿದ್ದು?"

ನಾನು ಮೈಮೇಲೆ ಬಂದವಳ ಹಾಗೆ ಆಡಿದೆ. "ಅಲ್ಲಾ, ನಿಮಗೇನು ಗೊತ್ತು ಆ ಸ್ಕೂಲ್ ವಿಷಯ? ದಿನಾ ಅಲ್ಲಿಯ ಹರಕು ಬಟ್ಟೆ ಮುಂದೆ ಹಾಕ್ಕೊಂಡು ಕೂರೋಳು ನಾನು. ಅದು ಸ್ಕೂಲಾ? ಸಂತೆ! ಆ ಗೇಟ್ ಸ್ಕೂಲ್ ನೋಡಿ. ಮಕ್ಕಳು ಬೆಳಗ್ಗೆ ಹೋದ ಹಾಗೇ ಸಾಯಂಕಾಲ ವಾಪಸ್ ಬರ್ತಾವೆ, ಬಟ್ಟೇಲಿ ಒಂದು ಕಲೆ ಇರಲ್ಲ. ಅಂಥ ಕಡೆ ಬಿಟ್ಟು ಈ ಧೂಳಿಗೆ ಹಾಕಬೇಕಾ ತಾಯಿ ಇಲ್ಲದ ಮಗೂನ?"

ಕೊನೆ ಮಾತು ಹೇಳಬಾರದಿತ್ತು. ಅವರು ಕೈಲಿದ್ದ ಲೋಟ ಕೆಳಗಿಟ್ರು. ಆಮೇಲೆ ಹೇಳಿದ್ರು: "ಸರಿ ಅತ್ತೆ, ನಿಮ್ಮಿಷ್ಟ. ಆದ್ರೆ ಮೊದಲನೇ ಪರೀಕ್ಷೆವರೆಗೆ ನೋಡ್ತೀನಿ. ಹೊಂದಿಕೊಂಡ್ರೆ ನಿಮ್ಮ ಹತ್ರಾನೇ ಇರ್ತಾಳೆ. ಇಲ್ಲ ಅಂದ್ರೆ ಅಕ್ಕನ ಮನೆಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಅಕ್ಕನ ಮಗಳೂ ಇದೇ ವಯಸ್ಸಿನೋಳು, ಜೊತೆಗೆ ಹೋಗ್ತಾಳೆ. ಆಮೇಲೆ ನೀವು ಬೇಜಾರು ಮಾಡ್ಕೋಬಾರದು."

ಅವರಕ್ಕನ ಊರು ಏಳು ಗಂಟೆ ದಾರಿ. ಮಗಳು ಹೋದ್ಲು. ಇವಳೂ ಹೋದ್ರೆ ಮನೇಲಿ ನಾನು, ನನ್ನ ಮಿಷಿನ್ನು, ಅಷ್ಟೇ. ಆದ್ರೂ ಬಿಟ್ಟುಕೊಡಲಿಲ್ಲ. "ಹೊಂದಿಕೊಳ್ತಾಳೆ, ನೋಡ್ತಾ ಇರಿ" ಅಂದೆ.

ಸೇರಿಸೋಕೆ ಹೋದ ದಿನ ಆ ಸ್ಕೂಲಿನ ಒಳಗೆ ಸೂಜಿ ಬಿದ್ರೂ ಕೇಳಿಸೋ ಹಾಗಿತ್ತು. ನಾನೂರು ಮಕ್ಕಳು ಇದಾವೆ ಅಂತಾರೆ, ಒಂದು ಕೆಮ್ಮಿಲ್ಲ. ನೆಲ ಮುಖ ನೋಡ್ಕೊಳ್ಳೋ ಹಾಗೆ ಹೊಳೀತಿತ್ತು. ಹೆಡ್ಮಿಸ್ಸು ಮೆಲ್ಲಗೆ ಹೇಳಿದ್ರು, "ನಮ್ಮಲ್ಲಿ ನಾವು ಕೇಳಿದಾಗ ಮಾತ್ರ ಮಕ್ಕಳು ಮಾತಾಡೋದು. ಊಟದ ಹೊತ್ತಲ್ಲೂ ಅಷ್ಟೇ." ನನಗೆ ಸ್ವರ್ಗ ಸಿಕ್ಕ ಹಾಗಾಯ್ತು. ಎಂಟು ತಿಂಗಳಿಂದ ನನ್ನ ತಲೆಯೊಳಗೆ ಬರೀ ಗದ್ದಲ. ಅಲ್ಲಿ ಹತ್ತು ನಿಮಿಷ ಕೂತು ಸಮಾಧಾನ ಅನ್ನಿಸಿತ್ತು. ಆ ಸಮಾಧಾನ ಬೇಕಾಗಿದ್ದದ್ದು ನನಗೆ, ಮಗೂಗಲ್ಲ ಅನ್ನೋದು ಆಗ ಹೊಳೀಲಿಲ್ಲ.

ಸ್ಕೂಲ್ ಶುರುವಾಗೋ ಮುಂಚೆ ಒಂದು ವಾರ ಮನೇಲೇ ಸ್ಕೂಲಾಟ ಆಡಿದ್ವಿ. ನಾನು ಅಳತೆ ಟೇಪು ಕತ್ತಿಗೆ ಹಾಕ್ಕೊಂಡು ಮಿಸ್ಸು, ಕಾಜದವಳು ದಡ್ಡ ವಿದ್ಯಾರ್ಥಿ. "ಮಿಸ್, ಒಂದಕ್ಕೆ ಹೋಗಿ ಬರ್ಲಾ?" ಅಂತ ಕೇಳೋದು ಹೇಗೆ, ಶೂ ಪಟ್ಟಿ ಹಾಕೋದು ಹೇಗೆ, ಊಟದ ಡಬ್ಬಿ ಮುಚ್ಚಳ ತೆಗೆಯೋದು ಹೇಗೆ, ಎಲ್ಲಾ ಕಲಿಸಿದೆ. ಡಬ್ಬಿ ಹೊಸದು, ಮುಚ್ಚಳ ಬಿಗಿ. ಹತ್ತು ಸಲ ತೆಗೆಸಿದೆ. ಕಾಜದವಳು ಬೇಕೂಂತ ತಪ್ಪು ಮಾಡಿ ನನ್ನ ಕೈಲಿ ಬೈಸ್ಕೊಂಡ್ರೆ ಬಾಬಿನ್ ಬಿದ್ದು ಬಿದ್ದು ನಗೋಳು. ತಾಯಿ ಹೋದ ಮೇಲೆ ಅಷ್ಟು ನಕ್ಕಿದ್ದು ಆ ವಾರವೇ.

ಮೊದಲ ಮೂರು ದಿನ ಗೇಟಿನ ಹತ್ರ ಅತ್ಲು. ಎಲ್ಲಾ ಮಕ್ಕಳೂ ಅಳ್ತಾವೆ. ನಾಲ್ಕನೇ ದಿನ ಅಳು ನಿಲ್ತು. "ನೋಡಿದ್ರಾ? ನಾಲ್ಕೇ ದಿನ!" ಅಂತ ಬೀದಿಗೆಲ್ಲಾ ಸಾರಿದೆ. ಅಳಿಯನಿಗೆ ಫೋನ್ ಮಾಡಿ ಹೇಳಿದೆ. ದಿನಾ ಅವಳನ್ನ ಕರ್ಕೊಂಡು ಬಸ್ಸಲ್ಲಿ ವಾಪಸ್ ಬರುವಾಗ ಅವಳು ಡಬ್ಬಿ ತೆಗೆದು ಗಬಗಬ ತಿನ್ನೋಳು. "ಸ್ಕೂಲಲ್ಲಿ ತಿನ್ನಲಿಲ್ವೇನೇ?" ಅಂದ್ರೆ "ಆಗ ಹಸಿವಿರಲಿಲ್ಲ ಅಜ್ಜಿ" ಅನ್ನೋಳು. ನಾನು ನಂಬಿದೆ.

ಎರಡನೇ ವಾರಕ್ಕೆ ಅವಳು ಸುತ್ತೋದು ನಿಂತಿತು. ಅಂಗಡಿಗೆ ಬಂದು ಸ್ಟೂಲ್ ಮೇಲೆ ಕೈ ಕಟ್ಟಿಕೊಂಡು ಕೂರೋಳು. ಕೇಳಿದ್ರೆ ಉತ್ತರ, ಇಲ್ಲ ಅಂದ್ರೆ ಇಲ್ಲ.

"ಎಷ್ಟು ಶಿಸ್ತು ಕಲ್ತಿದಾಳೆ ನೋಡು" ಅಂದೆ ಕಾಜದವಳಿಗೆ.

"ಅಕ್ಕಾ, ಶಿಸ್ತಲ್ಲ ಇದು. ಹುಷಾರಿಲ್ಲದ ಮಗು ಕೂತ ಹಾಗೆ ಕೂತಿದಾಳೆ."

"ನೀನು ಸ್ಕೂಲಿನ ಮೆಟ್ಟಿಲು ಹತ್ತಿದ್ದೀಯಾ? ಕಾಜ ನೋಡ್ಕೋ ಸುಮ್ನೆ, ಎರಡು ಸೊಟ್ಟಗಾಗಿದೆ" ಅಂತ ಗದರಿದೆ. ಒಂದೂ ಸೊಟ್ಟಗಾಗಿರಲಿಲ್ಲ.

ಐದನೇ ವಾರ, ಒಂದು ಸೋಮವಾರ, ಬಾಬಿನ್‌ಳ ಅಂಗಿ ಒಗೆಯೋಕೆ ಬಕೆಟ್ಟಿಗೆ ಹಾಕ್ತಿದ್ದೆ. ಕಾಲರ್ ಕೈಗೆ ಒರಟಾಗಿ ಸಿಕ್ತು. ಎರಡೂ ತುದಿ ಸವೆದು ನೂಲು ಎದ್ದಿತ್ತು. ನಾನೇ ಕೂತು ಹೊಲಿದ ಅಂಗಿ, ಹೊಸ ಬಟ್ಟೆ, ತಿಂಗಳೂ ಸರಿಯಾಗಿ ಆಗಿಲ್ಲ. ಅದನ್ನ ಹಾಗೇ ಹಿಡ್ಕೊಂಡು ಅಂಗಡಿಗೆ ಬಂದು ಕಾಜದವಳ ಮುಂದೆ ಇಟ್ಟೆ. ಅವಳು ಎದ್ದು ರಿಪೇರಿ ಗಂಟು ಬಿಚ್ಚಿ, ಗೇಟ್ ಸ್ಕೂಲಿನ ಮೂರು ಅಂಗಿ ತೆಗೆದು ಪಕ್ಕದಲ್ಲಿ ಹರಡಿದ್ಲು. ನಾಲ್ಕು ಕಾಲರೂ ಒಂದೇ ಥರ.

"ಸವೆದಿದ್ದಲ್ಲ ಅಕ್ಕ. ಕಚ್ಚಿದ್ದು."

ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಹತ್ತೊಂಬತ್ತು ವರ್ಷದಿಂದ ಎಷ್ಟು ತಾಯಂದಿರು ಬಂದು "ನಮ್ಮ ಮಗು ಕಾಲರ್ ಕಚ್ಚುತ್ತೆ, ಏನ್ ಮಾಡೋದು?" ಅಂತ ಕೇಳಿರಲಿಲ್ಲ! "ಅಯ್ಯೋ, ಅಭ್ಯಾಸ ಕಣ್ರೀ, ಏನಾದ್ರೂ ಕಹಿ ಹಚ್ಚಿ, ಬಿಟ್ಟು ಹೋಗುತ್ತೆ" ಅಂತ ಹೇಳಿ ಕಳಿಸ್ತಿದ್ದೆ. ಕಚ್ಚಿದ ಮುಖ ಕೆಳಗೆ ಹಾಕಿ, ನೀಟಾಗಿ ಇಸ್ತ್ರಿ ಮಾಡಿ ಕೊಡ್ತಿದ್ದೆ. ಡಿಪೋ ಸ್ಕೂಲಿನ ಒಂದು ಮಗುವೂ ಕಾಲರ್ ಕಚ್ಚಿದ್ದಿಲ್ಲ. ಯಾಕೆ ಅಂತ ಒಂದು ದಿನ ಯೋಚನೆ ಮಾಡಿದ್ದಿಲ್ಲ ಈ ಅನುಭವಸ್ಥೆ.

ಮಾರನೇ ದಿನ ಹೊಲಿದಿಟ್ಟ ಬಟ್ಟೆ ಕೊಡೋ ನೆಪ ಮಾಡ್ಕೊಂಡು ಊಟದ ಹೊತ್ತಿಗೆ ಸ್ಕೂಲಿಗೆ ಹೋದೆ. ಉದ್ದ ವರಾಂಡದಲ್ಲಿ ಮಕ್ಕಳು ಎರಡು ಸಾಲಾಗಿ ಕೂತು ತಿಂತಿದ್ವು. ಒಂದು ಚಮಚದ ಸದ್ದಿಲ್ಲ. ಒಬ್ಬ ಮಿಸ್ಸು ಸಾಲಿನ ನಡುವೆ ಓಡಾಡ್ತಿದ್ರು. ಯಾರನ್ನೂ ಹೊಡೀಲಿಲ್ಲ, ಬೈಯಲಿಲ್ಲ, ಆ ಮಾತೂ ಹೇಳಬೇಕು. ಯಾರೋ ಒಂದು ಮಗು ಪಕ್ಕದೋಳಿಗೆ ಏನೋ ಪಿಸುಗುಟ್ತು. ಮಿಸ್ಸು ಬೆರಳು ತೋರಿಸಿದ್ರು. ಆ ಮಗು ತಾನಾಗೇ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತ್ಕೊಂಡಿತು.

ನಮ್ಮವಳು ಕೊನೇಲಿ ಕೂತಿದ್ಲು. ಡಬ್ಬಿ ಮುಂದಿತ್ತು, ಮುಚ್ಚಳ ಹಾಕಿದ ಹಾಗೇ ಇತ್ತು. ಕಾಲರ್ ಬಾಯಲ್ಲಿತ್ತು. ಅಳ್ತಿರಲಿಲ್ಲ, ಆಕಡೆ ಈಕಡೆ ನೋಡ್ತಾನೂ ಇರಲಿಲ್ಲ. ನಾನು ಕಂಬದ ಹಿಂದೆ ನಿಂತು ನೋಡಿದೆ.

ಅವತ್ತು ಬಸ್ಸಲ್ಲಿ ಕೇಳಿದೆ. "ಡಬ್ಬಿ ಯಾಕೆ ತೆಗೆಯಲ್ಲ ಕಂದ? ನಿನಗೆ ಬರುತ್ತಲ್ಲ?"

ಅವಳು ಸುತ್ತ ನೋಡಿ, ನನ್ನ ಕಿವಿ ಹತ್ರ ಬಂದು ಪಿಸುಗುಟ್ಟಿದ್ಲು. "ಟಪ್ ಅಂತ ಸದ್ದಾಗುತ್ತೆ ಅಜ್ಜಿ."

ಐದು ವಾರ. ನನ್ನ ಮಗು ಐದು ವಾರ ಮಧ್ಯಾಹ್ನ ಉಪವಾಸ ಕೂತಿತ್ತು, ಒಂದು ಮುಚ್ಚಳದ ಸದ್ದಿಗೆ ಹೆದರಿ. ನಾನು ಊರಿಗೆಲ್ಲಾ ನಾಲ್ಕೇ ದಿನ ಅಂತ ಹೇಳ್ಕೊಂಡು ತಿರುಗ್ತಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಬುಧವಾರ ಅವಳನ್ನ ಸ್ಕೂಲಿಗೆ ಕಳಿಸಲಿಲ್ಲ. ಡಿಪೋ ಸ್ಕೂಲಿಗೆ ಹೋಗಿ ಕೈ ಮುಗಿದು ನಿಂತೆ. ಮೇಷ್ಟ್ರು ನನ್ನನ್ನ ಗುರುತು ಹಿಡಿದ್ರು, ನನ್ನ ಮಗಳನ್ನೂ ನೆನಪಿಸ್ಕೊಂಡ್ರು. "ಅಮ್ಮಾ, ಒಂದನೇ ಕ್ಲಾಸಲ್ಲಿ ಅರವತ್ತೆರಡು ಮಕ್ಕಳು. ಕೂರೋಕೆ ಜಾಗ ಇಲ್ಲ, ಕಿಟಕಿ ಕಟ್ಟೆ ಮೇಲೂ ಕೂರಿಸಿದ್ದೀನಿ. ಮುಂದಿನ ವರ್ಷ ಮೊದಲ ಸೀಟು ನಿಮ್ಮ ಮೊಮ್ಮಗಳಿಗೇ" ಅಂದ್ರು. ಮುಂದಿನ ವರ್ಷಕ್ಕೆ ಇನ್ನೂ ಹನ್ನೊಂದು ತಿಂಗಳು.

ಅಳಿಯ ಬರೋದು ಶನಿವಾರ. ಪರೀಕ್ಷೆ ಹಿಂದಿನ ವಾರವೇ ಮುಗಿದಿತ್ತು. ಗುರುವಾರ ಮಧ್ಯಾಹ್ನ ನಾನು ಏನು ಮಾಡಿದೆ ಅಂತ ಹೇಳ್ತೀನಿ, ಮುಚ್ಚಿಟ್ಟು ಏನಾಗಬೇಕಿದೆ. ಬಾಬಿನ್‌ಳ ಅಂಗಿಯ ಕಾಲರ್ ಬಿಚ್ಚಿ, ತುದಿ ಒಳಗೆ ಮಡಿಸಿ, ತಿರುವಿ ಹಾಕಿದೆ. ಹನ್ನೊಂದು ತಿಂಗಳು ತಾನೇ, ಹೇಗೋ ತಳ್ಳಿಬಿಟ್ರೆ ಆಯ್ತು, ಡಬ್ಬಿ ಬದಲು ಬಾಳೆಹಣ್ಣು ಕೊಟ್ಟು ಕಳಿಸಿದ್ರೆ ಆಯ್ತು ಅಂತ ನನಗೆ ನಾನೇ ಹೇಳ್ಕೊಂಡೆ. ಕಾಜದವಳು ಎದುರಿಗೇ ಕೂತು ನೋಡ್ತಿದ್ಲು. "ಏನು ನೋಡ್ತಿದ್ದೀಯ?" ಅಂದೆ. "ಏನಿಲ್ಲ ಅಕ್ಕ" ಅಂದು ತಲೆ ತಗ್ಗಿಸಿದ್ಲು. ಅವಳು ಜಗಳಕ್ಕೆ ಬಂದಿದ್ರೇ ಚೆನ್ನಾಗಿತ್ತು.

ಶನಿವಾರ ಬೆಳಗ್ಗೆ ಅಳಿಯ ಬಂದ್ರು. ಸ್ನಾನ ಮಾಡಿ, ಟೀ ಕುಡಿದು, ಮಾರ್ಕ್ಸ್ ಕಾರ್ಡ್ ಕೇಳಿದ್ರು. ಕೊಟ್ಟೆ. ಎಲ್ಲದರಲ್ಲೂ ಒಳ್ಳೆ ಮಾರ್ಕ್ಸು. ಕೆಳಗೆ ಕೆಂಪು ಶಾಯೀಲಿ ಬರೆದಿದ್ರು, 'ಬಹಳ ಶಾಂತ ಸ್ವಭಾವದ ಮಗು.' ಅವರು ಅದನ್ನ ಎರಡು ಸಲ ಓದಿದ್ರು. ಗೂಟಕ್ಕೆ ನೇತುಹಾಕಿದ್ದ ಅಂಗಿ ನೋಡಿದ್ರು, ಬೆಳ್ಳಗೆ, ಇಸ್ತ್ರಿ ಮಾಡಿದ್ದು. ಅವರ ಮುಖದಲ್ಲಿ ಎಷ್ಟೋ ತಿಂಗಳಾದ ಮೇಲೆ ಒಂದು ನೆಮ್ಮದಿ ಕಾಣಿಸಿತು.

"ನೀವು ಹೇಳಿದ್ದೇ ಸರಿ ಅತ್ತೆ. ನಾನೇ ಸುಮ್ನೆ ಹೆದರಿದ್ದೆ. ಇಲ್ಲೇ ಇರಲಿ" ಅಂದ್ರು. ಆಮೇಲೆ ಮಗಳ ಕಡೆ ತಿರುಗಿ, "ಅಜ್ಜಿ ಜೊತೆ ಇದೇ ಸ್ಕೂಲಿಗೆ ಹೋಗ್ತೀಯಲ್ವಾ ಮರಿ?"

ಅವಳು ಬಾಗಿಲ ಹತ್ರ ನಿಂತಿದ್ಲು. ಅಪ್ಪ ಬಂದ್ರೆ ಹೆಗಲ ಮೇಲೆ ಹತ್ತಿ ಕೂರೋ ಮಗು. ಕೈ ಕಟ್ಟಿಕೊಂಡು, ನೆಟ್ಟಗೆ ನಿಂತು, ಕೇಳೀ ಕೇಳಿಸದ ಹಾಗೆ "ಹೋಗ್ತೀನಿ ಅಪ್ಪ" ಅಂದ್ಲು.

ಗೆದ್ದಿದ್ದೆ ನಾನು. ಬಾಯಿ ಮುಚ್ಕೊಂಡು ಇದ್ದಿದ್ರೆ ಮುಗೀತಿತ್ತು. ಆದ್ರೆ ಆ ಕಟ್ಟಿದ ಕೈ ನೋಡಿ ನನ್ನಿಂದ ಆಗಲಿಲ್ಲ. ಎದ್ದು ಹೋಗಿ ಅಂಗಿ ತಗೊಂಡೆ, ಕತ್ತರಿ ತಗೊಂಡೆ, ಅವರ ಕಣ್ಣ ಮುಂದೆ ಕಾಲರ್ ಹೊಲಿಗೆ ಬಿಚ್ಚಿದೆ. ಮಡಿಸಿದ್ದ ತುದಿ ಎಳೆದು, ಕಚ್ಚಿದ ಮುಖ ಮೇಲೆ ಮಾಡಿ ಅವರ ತೊಡೆ ಮೇಲಿಟ್ಟೆ.

"ನಿಮ್ಮ ಮಗಳು ಕಚ್ಚಿರೋದು. ತಿರುವಿ ಹಾಕಿದ್ದು ನಾನು. ನಿಮಗೆ ಕಾಣಬಾರದು ಅಂತ."

ಎಲ್ಲಾ ಹೇಳಿದೆ. ಗೋಡೆಗೆ ಮುಖ ಮಾಡಿದ ಮಗು, ಡಬ್ಬಿ, ಟಪ್ ಅನ್ನೋ ಸದ್ದು, ಡಿಪೋ ಸ್ಕೂಲಲ್ಲಿ ಸೀಟಿಲ್ಲದ್ದು. ಹೇಳ್ತಾ ಹೇಳ್ತಾ, ನಾನು ಯಾರಿಗೂ ಹೇಳದ ಮಾತೂ ಬಂದುಬಿಡ್ತು.

"ಧೂಳು ಅಂದಿದ್ದೆಲ್ಲಾ ನೆಪ. ಏಳು ವರ್ಷ ಆ ಡಿಪೋ ಸ್ಕೂಲ್ ಮುಂದೆ ನಿಂತು ನನ್ನ ಮಗಳಿಗೆ ಕಾದಿದ್ದೀನಿ. ಅದೇ ಜಾಗದಲ್ಲಿ ನಿಂತು ಮತ್ತೆ ಕಾಯೋದು, ಅವಳು ಬರಲ್ಲ ಅಂತ ದಿನಾ ನೆನಪಾಗೋದು, ನನ್ನ ಕೈಲಾಗ್ತಿರಲಿಲ್ಲ. ಅದಕ್ಕೆ ಈ ಮಗೂನ ದೂರ ಹಾಕಿದೆ. ನನಗೋಸ್ಕರ."

ಬೈದಿದ್ರೆ ಹಗುರಾಗ್ತಿತ್ತು. ಅವರು ಬೈಯಲಿಲ್ಲ. ಕಾಲರಿನ ತುದಿಯನ್ನ ಹೆಬ್ಬೆರಳಲ್ಲಿ ಸವರ್ತಾ ಕೂತಿದ್ರು, ಕಣ್ಣೀರು ಅದರ ಮೇಲೇ ಬೀಳ್ತಿತ್ತು. ಆಮೇಲೆ ಮಗಳನ್ನ ಎತ್ತಿ ಹೆಗಲ ಮೇಲೆ ಹಾಕ್ಕೊಂಡ್ರು.

"ಅಕ್ಕನ ಮಗಳ ಕ್ಲಾಸಲ್ಲಿ ಜಾಗ ಇದೆಯಂತೆ ಅತ್ತೆ. ಇಪ್ಪತ್ತೇ ಮಕ್ಕಳು. ಗಲಾಟೆ ಸ್ಕೂಲು ಅಂತ ಅಕ್ಕನೇ ನಗ್ತಿರ್ತಾಳೆ."

"ಕರ್ಕೊಂಡು ಹೋಗಿ" ಅಂದೆ.

ಭಾನುವಾರ ಕೂತು ಹೊಸ ಫ್ರಾಕು ಹೊಲಿದೆ, ಎರಡು. ಕಾಲರ್ ಇಡಲಿಲ್ಲ. ಸೋಮವಾರ ಬೆಳಗ್ಗೆ ಲಾರಿ ಬೀದಿ ಕೊನೇಲಿ ನಿಂತಿತ್ತು. ಹತ್ತೋ ಮುಂಚೆ ಅವಳು ನನ್ನ ಸೆರಗು ಹಿಡ್ಕೊಂಡು ಬಿಡಲಿಲ್ಲ, ಬಾಯಿಬಿಟ್ಟು ಅತ್ಲು, ಬೀದಿಗೆಲ್ಲಾ ಕೇಳೋ ಹಾಗೆ. ಒಂದೊಂದೇ ಬೆರಳು ಬಿಡಿಸಿ ಕಳಿಸಿದೆ. ಕಾಜದವಳು ಅವತ್ತು ಅಂಗಡಿಗೆ ಬಂದು ಸಾಯಂಕಾಲದವರೆಗೂ ಒಂದು ಮಾತಾಡಲಿಲ್ಲ. "ಏನಾದ್ರೂ ಬೊಗಳೇ" ಅಂತ ನಾನೇ ಗೋಗರೆದೆ.

ಮೊದಲ ವಾರ ಫೋನಲ್ಲಿ ಬರೀ ಅಳು. "ಅಜ್ಜಿ, ಯಾವಾಗ ಬರ್ತೀಯಾ? ಈಗಲೇ ಬಾ." ಎರಡನೇ ವಾರವೂ ಅದೇ. ಫೋನ್ ಇಟ್ಟ ಮೇಲೆ ನನಗೆ ಊಟ ಇಳೀತಿರಲಿಲ್ಲ. ನಿಜ ಹೇಳಬೇಕಂದ್ರೆ ಆ ಅಳುವಲ್ಲಿ ನನಗೊಂದು ಕಳ್ಳ ಸಂತೋಷವೂ ಇತ್ತು. ನಾನು ಬೇಕಲ್ಲ ಅವಳಿಗೆ ಅಂತ. ಮೂರನೇ ವಾರ ಅಳು ಕಮ್ಮಿಯಾಗಿ ಸುದ್ದಿ ಜಾಸ್ತಿಯಾಯ್ತು, ಯಾರೋ ಜೊತೆಗಾರ್ತಿ, ಯಾವುದೋ ಹಾಡು. ದಿನಾ ಐದೂವರೆಗೆ ಸರಿಯಾಗಿ ಫೋನಿಗೆ ಕಾಯೋಳು ಅಂತ ಅವಳ ಸೋದರತ್ತೆ ಹೇಳ್ತಿದ್ರು.

ಐದನೇ ವಾರ, ಗುರುವಾರ. ಐದೂವರೆಗೆ ಫೋನ್ ಮಾಡಿದೆ. ಆ ಕಡೆ ಸೋದರತ್ತೆ ತಗೊಂಡ್ರು. ಹಿಂದೆ ಮಕ್ಕಳ ಕೂಗಾಟ, ಕಿವಿ ಕಿತ್ತು ಹೋಗೋ ಹಾಗೆ.

"ಬಾರೇ, ಅಜ್ಜಿ ಫೋನು!" ಅಂತ ಅವರು ಕೂಗಿದ್ರು.

ದೂರದಿಂದ ನನ್ನ ಬಾಬಿನ್ ಕಿರುಚಿದ್ಲು. "ಆಮೇಲೆ ಅಂತ ಹೇಳು ಅತ್ತೆ! ನಾನಿನ್ನೂ ಔಟಾಗಿಲ್ಲ!"

ಅವರಿಗೆ ಮುಜುಗರ ಆಯ್ತು ಪಾಪ. "ತಪ್ಪು ತಿಳ್ಕೋಬೇಡಿ ಅಮ್ಮಾ, ಆಟದ ಹುಚ್ಚು. ಇರಿ, ಎಳ್ಕೊಂಡು ಬರ್ತೀನಿ."

"ಬೇಡ ಬೇಡ, ಕರೀಬೇಡಿ" ಅಂದೆ. ನಗು ಬರ್ತಿತ್ತು, ಅಳೂ ಬರ್ತಿತ್ತು, ಎದುರಿಗೆ ಕಾಜದವಳು ಸೂಜಿ ಕೆಳಗಿಟ್ಟು ಗಾಬರಿಯಿಂದ ನನ್ನನ್ನೇ ನೋಡ್ತಿದ್ಲು. ನನ್ನ ಬಾಬಿನ್‌ಗೆ ಇನ್ನು ನಾನು ಬೇಡ. ಬೇಡವಾಗಲಿ ಅಂತಾನೇ ಅಲ್ವಾ ಕಳಿಸಿದ್ದು. ಆದ್ರೂ ಇಷ್ಟು ಬೇಗ ಆಗುತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲ.

"ಫೋನ್ ಕಟ್ ಮಾಡಬೇಡಿ, ಕಿಟಕಿ ಮೇಲೆ ಹಾಗೇ ಇಟ್ಟಿರಿ" ಅಂತ ಕೇಳ್ಕೊಂಡೆ.

ಅವರು ಇಟ್ರು. ಅವಳು ಔಟಾಗೋವರೆಗೂ ಕೇಳಿಸ್ಕೊಂಡೆ. ತುಂಬಾ ಹೊತ್ತು ಆಡಿದ್ಲು.